ಕಳೆ

ಮೂವತ್ತೊಂದು ವರುಷ ಕೌಂಟಿಯ ಕಳೆ ಇನ್‌ಸ್ಪೆಕ್ಟರಾಗಿದ್ದ
ಡೆಲ್ಮರ್ ಟ್ಯಾಡನ್ ಮಂಡಿಯೂರಿದ್ದಾನೆ ಗೋರಿಗಳ ನಡುವೆ,
ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಐಸ್‌ಕ್ರೀಮ್ ಡಬ್ಬ.
ಅಯೋವಾದ ಅಕ್ಟೋಬರು. ಮೂಡಲಿಂದ ಪಡುವಲಿಗೆ ಜೋಳ,
ಜೋಳ ಮುಗಿದಲ್ಲಿ ಸೋಯಾ, ಸೋಯಾ ಮುಗಿದರೆ ಮತ್ತೆ ಜೋಳ.
ನಡುವೆ ಈ ಒಂದೆಕರೆ, ನೇಗಿಲು ಕಾಣದ್ದು.
ಹೆಣಗಳಿದ್ದವಲ್ಲ, ಅದಕ್ಕೆ.
ಗಂಟಲುಮಾರಿಗೆ ಹೋದ ಕೂಸುಗಳು, ಬಾಣಂತಿಯರು,
ಕಲ್ಲಿನಲ್ಲಿ ಅರ್ಧ ಹೆಸರು ಉಳಿದ ಯಾರೋ ಹಿನ್ರಿಚ್.
ಅವರನ್ನು ಮಣ್ಣು ಮಾಡಿದರು;
ಅವರು ಮಣ್ಣನ್ನು ಮಣ್ಣಾಗಿಯೇ ಇಟ್ಟುಕೊಂಡರು.

ಟರ್ಕಿ ಕೋಳಿಯ ಪಾದದಂತೆ ಮೂರು ಬೆರಳ ತೆನೆಯೆತ್ತಿ
ನನ್ನ ತಲೆಗೂ ಮೇಲೆ ಕೆಂಪಾದ ಹುಲ್ಲು.
ಎಲೆಯಂಚನ್ನು ತೆಂಕಣ ಬಡಗಣಕ್ಕೆ ಹಿಡಿದು
ಬೇರನ್ನು ಎರಡಾಳುದ್ದ ಇಳಿಸಿದ ದಿಕ್ಸೂಚಿ ಗಿಡ.
ಇನ್ನೊಂದು, ಮೋಟು ಹುಲ್ಲು, ತಿಕ್ಕಿದರೆ
ಹುರಿದ ಕೊತ್ತಂಬರಿ ಬೀಜದ ವಾಸನೆ. ಎರಡು ಸಲ ಮೂಸಿದೆ.

ಎಪ್ಪತ್ತೆಂಟರ ಮೇ ತಿಂಗಳು ಇಲ್ಲಿಗೇ ತಂದಿದ್ದನಂತೆ
ಔಷಧಿಯ ಟ್ಯಾಂಕರು. ಶಾಲೆ ಬಸ್ಸಿನ ಡ್ರೈವರು ಆರ್ಡಿತ್
ಗೇಟಿಗಡ್ಡ ಬಸ್ಸು ನಿಲ್ಲಿಸಿ ಇಳಿದಳಂತೆ:
"ಇದರಲ್ಲಿ ಕಳೆ ಯಾವುದು? ಹೆಸರು ಹಿಡಿದು ಹೇಳು."
ಅವನು ಮೂರು ಹೇಳಿದ.
ಅವಳು ಹೇಳುತ್ತಲೇ ಹೋದಳು, ಬೆರಳು ತೋರಿಸುತ್ತ,
ಕಿಟಕಿಗೆ ಮೂಗೊತ್ತಿ ಮಕ್ಕಳು ಎಣಿಸಿದರು: ಎಂಬತ್ತಾರು.
"ಆಮೇಲೆ?" ಅಂದೆ.
"ಆಮೇಲೆ ಹೊಡೆದೆ. ಸರ್ಕಾರದ ಪಟ್ಟಿ ಇತ್ತಲ್ಲ.
ಪೂರ್ವದ ಅರ್ಧ ಮುಗಿಯುವಷ್ಟರಲ್ಲಿ ಪಂಪು ಕೆಟ್ಟಿತು."

ಕೆಟ್ಟಿತೋ, ಕೆಡಿಸಿದನೋ, ನಾನು ಕೇಳಲಿಲ್ಲ.
ನಾನು ಹಂದಿಗಳ ಡಾಕ್ಟರು; ಭಾನುವಾರ ಬಂದು
ಹೇಳಿದ ತೆನೆ ಹಿಂಡುತ್ತೇನೆ, ಅಷ್ಟೆ.
ಪೂರ್ವಕ್ಕೆ ಇವತ್ತಿಗೂ ಒಂದೇ ಜಾತಿಯ ಹುಲ್ಲು,
ಹೊರಗಿಂದ ಬಂದದ್ದು. ನನ್ನ ಹಾಗೆ, ಅಂತ ನಗೆಯಾಡಿದೆ.
ಅವನು ನಗಲಿಲ್ಲ. ಹಿನ್ರಿಚನ ಕಲ್ಲು ತಟ್ಟಿ
"ನಾವೂ" ಅಂದ.

ಬೀಜವನ್ನು ಒದ್ದೆ ಮರಳಲ್ಲಿ ಕಲೆಸಿ
ಫ್ರಿಜ್ಜಿನಲ್ಲಿಡಬೇಕು, ಬೆಣ್ಣೆಯ ಪಕ್ಕ;
ಚಳಿ ತಿನ್ನದೆ ಮೊಳೆಯುವುದಿಲ್ಲ ಇವು.
ಮೊದಲ ಹೂವಿಗೆ ಏಳು ವರುಷ, ಕೆಲವಕ್ಕೆ ಹತ್ತು.
ಡೆಲ್ಮರನಿಗೆ ಎಂಬತ್ತೊಂದು.

"ನಿಮ್ಮ ಭಾಷೆಯಲ್ಲಿ ಏನಂತಾರೆ, ನಾನು ಕೊಲ್ಲುತ್ತಿದ್ದೆನಲ್ಲ, ಅದಕ್ಕೆ?"
ಕಳೆ, ಎಂದೆ. ಮುಖದಲ್ಲಿ ಹೊಳೆಯುವುದಕ್ಕೂ ಅದೇ ಮಾತು.
"ಪದಕ್ಕೆ ಅಷ್ಟೊಂದು ಬರವೇ ನಿಮಗೆ?"
ಮೂರನೆಯ ಅರ್ಥ ಹೇಳಲಿಲ್ಲ.
ಟ್ರಕ್ಕಿನ ಹಿಂದೆ ನಿಂತು ಹೊಟ್ಟು ತೂರಿ ಅಳೆದೆವು:
ಇಬ್ಬರ ಇಡೀ ದಿನದ ದುಡಿತ, ಒಂದೂವರೆ ಪಾವು.