ಒಂಬತ್ತು ಸಾವಿರ

ಮೊದಲು ಮೊಣಕೈ ಹತ್ತಿರ, ನೇರಳೆ ಹಣ್ಣಿನಷ್ಟು.
ಆಮೇಲೆ ತೊಡೆ, ಬೆನ್ನು, ಕತ್ತಿನ ಕೆಳಗೆ
ರಾಗಿ ಚೆಲ್ಲಿದ ಹಾಗೆ ಕೆಂಪು ಚುಕ್ಕಿ.
ಶಿಡ್ಲಘಟ್ಟದ ನಮ್ಮ ಬೀದಿಯವರು
ಮೊದಲು ಗಂಗರತ್ನಳ ತೋಳು ನೋಡಿದರು,
ಆಮೇಲೆ ನನ್ನ ಕೈ.

ನನ್ನದು ಬಿಸಿನೀರಲ್ಲಿ ಬೆಂದ ಕೈ.
ಇಪ್ಪತ್ತು ವರ್ಷ ಗೂಡು ಬೇಯಿಸಿ, ನೂಲು ತೆಗೆದು
ಬೆರಳ ತುದಿ ಬಿಳಿಚಿಕೊಂಡ ಕೈ.
ಅವಳಣ್ಣ ಮುನಿಆಂಜಿನಪ್ಪ ಬಂದು
ಕಾಫಿ ಮುಟ್ಟದೆ ಕೂತ.
"ಯಾರಮ್ಮ ಹೊಡೆದಿದ್ದು?"
ಯಾರೂ ಇಲ್ಲ ಅಂದಳು. ಅವನು ನಂಬಲಿಲ್ಲ.
ನಾನು ದೇವರಾಣೆ ಇಡಬಹುದಿತ್ತು.
ಇಡಲಿಲ್ಲ. ಹನ್ನೊಂದು ವರ್ಷದ ಹಿಂದೆ,
ಚೀಟಿ ದುಡ್ಡಿನ ವಿಷಯಕ್ಕೆ, ಒಂದೇ ಒಂದು ಸಲ...
ಒಂದು ಸಲ ಅಂದರೂ ಕೈ ಅದೇ ಕೈ.

ಚರ್ಮದ ಡಾಕ್ಟರು ಮುಲಾಮು ಕೊಟ್ಟರು.
ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ ಮೂಳೆ ಗಟ್ಟಿ ಇದೆ ಅಂದರು.
ಚಿಂತಾಮಣಿ ರಸ್ತೆಯಲ್ಲೊಬ್ಬರು ತಾಯತ ಕಟ್ಟಿದರು;
ದಾರ ಕಟ್ಟಿದ ಕಡೆಯೂ ನೀಲಿಯಾಯಿತು.
ಒಂದು ಬೆಳಿಗ್ಗೆ ಹಲ್ಲುಜ್ಜಿ ಉಗಿದದ್ದು ಕೆಂಪಗಿತ್ತು.

ಲ್ಯಾಬಿನ ಇಮ್ತಿಯಾಜ್ ಎರಡು ಸಲ ಎಣಿಸಿ
ಮೂರನೆಯ ಸಲ ಗಾಜಿನ ಮೇಲೆ ಹನಿ ಎಳೆದು ಕಣ್ಣಿಟ್ಟ.
"ಅಣ್ಣಾ, ಒಂದೂವರೆ ಲಕ್ಷ ಇರಬೇಕಾದ್ದು
ಒಂಬತ್ತು ಸಾವಿರ ಇದೆ. ಈಗಲೇ ಚಿಕ್ಕಬಳ್ಳಾಪುರಕ್ಕೆ ಹೊರಡಿ.
ಇವತ್ತು ಗುರುವಾರ, ರಕ್ತದ ಡಾಕ್ಟರು ಬಂದಿರ್ತಾರೆ."
ರಕ್ತಕ್ಕೂ ಒಬ್ಬ ಡಾಕ್ಟರಾ?
ನನಗೆ ಗೊತ್ತಿದ್ದದ್ದು ರಕ್ತ ಕೊಟ್ಟು ಬಿಸ್ಕತ್ತು ತಿನ್ನುವವರು.

ಔಷಧಿ ಅಂಗಡಿ ಮೇಲೆ, ಕಿರಿದಾದ ಮೆಟ್ಟಿಲು.
ಬೆಂಚಿನ ಮೇಲೆ ಗುಡಿಬಂಡೆಯ ಪುಟ್ಟ ಹುಡುಗಿ,
ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಿಕೊಂಡು
ಒಂದನೇ ಕ್ಲಾಸಿಗೆ ಹೋಗುವವಳು.
ಪಕ್ಕದಲ್ಲಿ ಬಾಗೇಪಲ್ಲಿಯ ಹುಡುಗ, ಮಂಡಿ ಊದಿ ಚಕ್ಕೋತದ ಹಾಗೆ;
ಬಿದ್ದರೆ ಒಳಗೇ ಸುರಿಯುತ್ತದಂತೆ, ನಿಲ್ಲುವುದಿಲ್ಲವಂತೆ.
ಒಬ್ಬ ಅಜ್ಜನಿಗೆ ರಕ್ತವೇ ಹೆಚ್ಚಾಗಿ ಆಗಾಗ ತೆಗೆಸಬೇಕಂತೆ.
"ನಿಂಗೆ ಕೊಡ್ಲೇನೇ?" ಅಂದ ಹುಡುಗಿಗೆ.
ಅವಳು ಸಿಸ್ಟರನ್ನು ಕೇಳಬೇಕು ಅಂದಳು.

ಡಾಕ್ಟರ್ ಅಮೃತವಲ್ಲಿ ತೋಳು ಒತ್ತಿ ನೋಡಿದರು,
ಕಣ್ಣಿನ ರೆಪ್ಪೆ, ಹೊಟ್ಟೆಯ ಎಡಬದಿ.
ಆಮೇಲೆ ನನಗೆ: "ಸ್ವಲ್ಪ ಹೊರಗಿರಿ."
ಹಸಿರು ಪರದೆ. ಫ್ಯಾನಿನ ಸದ್ದು.
ಪ್ರಶ್ನೆ ಕೇಳಿಸಿತು. ಅದೇ ಪ್ರಶ್ನೆ.
ಉತ್ತರಕ್ಕೆ ಮುಂಚೆ ಅವಳು ಸುಮ್ಮನಿದ್ದಳು,
ಎಷ್ಟು ಹೊತ್ತೆಂದರೆ, ಬೆಂಚಿನ ಅಜ್ಜ ನನ್ನ ಮುಖ ನೋಡಿದ.
"ಇಲ್ಲ," ಅಂದಳು. "ಈ ಸಲ ಇಲ್ಲ."

ಒಳಗೆ ಕರೆದು ಕೂರಿಸಿದರು.
"ನೂಲು ತೆಗೆಯೋರಂತೆ. ಎಳೆ ಕಡಿದರೆ ಏನು ಮಾಡ್ತೀರಿ?"
"ಇನ್ನೊಂದು ಗೂಡಿನ ಎಳೆ ಕೊಟ್ಟು ಸೇರಿಸ್ತೀವಿ."
"ರಕ್ತದಲ್ಲೂ ಹಾಗೆ ಸೇರಿಸೋರಿದ್ದಾರೆ, ಪ್ಲೇಟ್‌ಲೆಟ್ ಅಂತ.
ಇವರ ಮೈ ಅವರನ್ನೇ ಕಳ್ಳರು ಅಂದುಕೊಂಡು ಹೊಡೀತಾ ಇದೆ."
ಕ್ಯಾನ್ಸರಾ ಅಂದೆ.
ಹಾಗೆ ಕಾಣ್ತಿಲ್ಲ, ಪರೀಕ್ಷೆ ಮುಗೀಲಿ ಅಂದರು.
ಸೇರಿಸುವವರನ್ನೇ ಹೊಡೆಯುವುದು.
ನಾನು ಕೈ ಎರಡನ್ನೂ ಮೇಜಿನ ಕೆಳಗಿಟ್ಟುಕೊಂಡೆ.

ಮಾತ್ರೆಗೆ ಅವಳ ಮುಖ ಉಬ್ಬಿತು, ನಿದ್ದೆ ಹೋಯಿತು.
ಮಧ್ಯರಾತ್ರಿ ಎದ್ದು ಡಬ್ಬಿಗಳನ್ನೆಲ್ಲ ತೊಳೆದಿಟ್ಟಳು.
ಒಂಬತ್ತು ಇಪ್ಪತ್ತೆರಡಾಯಿತು, ಹದಿನೆಂಟಕ್ಕಿಳಿಯಿತು, ಅರವತ್ತಾಯಿತು.
ನೀಲಿ ಹಸಿರಾಗಿ, ನಮ್ಮ ಕಡೆ ಗೂಡಿನ ಹಳದಿಯಾಗಿ, ಹೋಯಿತು.
ಬೀದಿ ಇನ್ನೂ ನನ್ನ ಕೈ ನೋಡುತ್ತದೆ.
ನೋಡಲಿ.

ಮೊನ್ನೆ ತೋಳು ಚಾಚಿದಳು: ಹುಣಸೆಬೀಜದಷ್ಟು ಒಂದು ಗುರುತು.
ನನ್ನ ಉಸಿರು ನಿಂತಿತು.
"ಬಾಗಿಲ ಚಿಲಕ ತಗುಲಿದ್ದು," ಅಂದಳು, "ಬರೀ ಚಿಲಕ."
ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು.