ಅಳಿಸಬೇಡಿ

ಮೊದಲ ನಕ್ಷೆಯಲ್ಲಿ ನಡುವೆ ಒಂದು ಗೋಡೆ ಎಳೆದಿದ್ದೆ,
ಒಂಬತ್ತು ಇಂಚು, ಎರಡೂ ಕಡೆ ಗಿಲಾವು.
ಈಚೆ ಶಾಲೆ, ಆಚೆ ವಾರ್ಡಿನ ಸಭಾಂಗಣ.
ಗೇಟು ಎರಡು, ನಲ್ಲಿ ಎರಡು,
ಬೀಗ ಹೇಳಬೇಕಿಲ್ಲ.

ಹಾಸನದ ಪೆನ್ಷನ್ ಮೊಹಲ್ಲಾ. ನಿವೇಶನ
ಟೇಪು ಹಿಡಿದರೆ ಅರವತ್ತೆರಡು ಅಡಿ,
ಒಂದು ಮೂಲೆಯನ್ನು ಟ್ರಾನ್ಸ್‌ಫಾರ್ಮರ್ ತಿಂದಾಗಿದೆ,
ಇನ್ನೊಂದನ್ನು ಗುಜರಿ ಅಂಗಡಿ
ದಿನಕ್ಕೊಂದು ತಗಡಿನಷ್ಟು ತಿನ್ನುತ್ತಿದೆ.
ಪ್ರಾರ್ಥನೆಗೆ ಕನ್ನಡದ ಸಾಲು, ಉರ್ದುವಿನ ಸಾಲು.
ಬಿಸಿಯೂಟಕ್ಕೆ ತಟ್ಟೆ ಹಿಡಿದಾಗ ಒಂದೇ ನೂಕುನುಗ್ಗಲು.

ಮೆಹರುನ್ನೀಸಾ ಮೇಡಂ ನಕ್ಷೆಯ ನಾಲ್ಕು ಮೂಲೆಗೆ
ಎರಡು ಡಸ್ಟರ್, ಹಾಜರಿ ಪುಸ್ತಕ,
ತಮ್ಮ ಟಿಫಿನ್ ಡಬ್ಬಿ ಇಟ್ಟು
ಬಹಳ ಹೊತ್ತು ನೋಡಿದರು.
"ಈ ಗೋಡೆ ನಿಂತ ಜಾಗದಲ್ಲಿ
ಎಷ್ಟು ಮಕ್ಕಳು ಕೂರಬಹುದು?"

ಒಂಬತ್ತು ಇಂಚು, ನಲವತ್ತಡಿ ಉದ್ದ:
ಮೂವತ್ತು ಚದರಡಿ.
ಮೂವರು. ಒತ್ತಿಕೊಂಡರೆ ಐವರು.

ಎರಡನೇ ನಕ್ಷೆಯಲ್ಲಿ ಗೋಡೆ ಕೆಡವಿ
ಗಡಿಯಾರವನ್ನು ನಿಲ್ಲಿಸಿದೆ:
ನಾಲ್ಕೂವರೆ ತನಕ ಮಕ್ಕಳು,
ಐದಕ್ಕೆ ಹೆಂಗಸರ ಸಂಘ,
ಏಳಕ್ಕೆ ಅಕ್ಷರ ಕಲಿಯುವವರು,
ಭಾನುವಾರ ಪೋಲಿಯೋ ಹನಿ, ಯಾರದೋ ನಾಮಕರಣ.
ಕಾಗದದ ಮೇಲೆ ಯಾರೂ
ಯಾರ ಕಾಲನ್ನೂ ತುಳಿಯಲಿಲ್ಲ.

ನಂಬಿಕೆ ಸಾಲದೆ ಒಂದು ಸಂಜೆ ಹಳೇ ಕಟ್ಟಡಕ್ಕೇ ಹೋಗಿ
ಹಿಂದಿನ ಬೆಂಚಿನಲ್ಲಿ ಕೂತೆ.
ಮೂರನೇ ಕ್ಲಾಸಿನ ಬೆಂಚಿಗೆ
ಐವತ್ತೆಂಟರ ಮಂಡಿ ಹಿಡಿಸುವುದಿಲ್ಲ;
ಯಾವ ಕೈಪಿಡಿಯಲ್ಲೂ ಇದು ಬರೆದಿರಲಿಲ್ಲ.
ಪೌರಕಾರ್ಮಿಕರ ಕೆಂಚಮ್ಮ ಪಕ್ಕಕ್ಕೆ ತಿರುಗಿ,
ಕಾಲು ದಾರಿಗೆ ಚಾಚಿ,
ತಮ್ಮ ಹೆಸರಿನ ಮ-ಕ್ಕೆ ಮ-ಒತ್ತು ಕೊಡುತ್ತಿದ್ದರು.
ಒತ್ತು ಕೆಳಗಿನ ಗೆರೆಗೆ ಜಾರಿ ಜಾರಿ ಬೀಳುತ್ತಿತ್ತು.

"ಇಂಜಿನೇರಮ್ಮ, ಕಕ್ಕಸ್ಸು ಎಲ್ಲಿಡ್ತೀಯ?
ಬೆಳಗ್ಗೆ ಐದಕ್ಕೆ ಪೊರಕೆ ಹಿಡೀತೀವಿ.
ಬೀದಿ ತುಂಬ ಬಾಗ್ಲು,
ನಮಗೊಂದೂ ತೆಗಿಯಕಿಲ್ಲ."

ಮೂರನೇ ನಕ್ಷೆಯಲ್ಲಿ ಶೌಚಾಲಯ ಬೀದಿ ಕಡೆ ಹೊರಳಿತು,
ಬಾಗಿಲು ಎರಡು, ಬೀದಿಗೊಂದು, ಅಂಗಳಕ್ಕೊಂದು.
ಮೇಡಂ ಡಬ್ಬಿಯ ಮುಚ್ಚಳ ಮುಚ್ಚಿದರು.
"ಒಳಗೆ ಹೆಣ್ಣುಮಕ್ಕಳಿದ್ದಾರೆ.
ಚಿಲಕ ಯಾರ ಕಡೆ?"
ಒಂದು ವಾರ ಚಿಲಕದಲ್ಲೇ ಹೋಯಿತು.

ಆ ವಾರವೇ ಒಂದು ಸಂಜೆ ಸಂಘದವರು
ಬೋರ್ಡಿನ ಅರ್ಧಕ್ಕೆ ಬಡ್ಡಿ ಲೆಕ್ಕ ತುಂಬಿದ್ದರು.
ಕರೆಂಟು ಹೋಯಿತು. ಹಾಗೇ ಎದ್ದರು.
ಏಳರ ತರಗತಿಗೆ ಬಂದ ಕೆಂಚಮ್ಮ
ಮೊಬೈಲಿನ ಬೆಳಕಿನಲ್ಲಿ ಮೂಲೆಯಲ್ಲಿ ಬರೆದರು:
ಅಳಿಸಬೇಡಿ.
ಒತ್ತಕ್ಷರವಿಲ್ಲದ ಪದ.
ಒಂದೂ ಜಾರಲಿಲ್ಲ.

ಬೆಳಿಗ್ಗೆ ನಾನಿರಲಿಲ್ಲ, ಮೇಡಂ ಹೇಳಿದ್ದು.
ಐದನೇ ಕ್ಲಾಸಿಗೆ ಉಳಿದರ್ಧ ಬೋರ್ಡಿನಲ್ಲಿ
ಎಲೆಯ ಚಿತ್ರ ಬರೆದು ಪಾಠ ಮಾಡುತ್ತಿದ್ದರಂತೆ.
ನಿಖತ್ ಎಂಬ ಹುಡುಗಿ ಎಲೆ ಬಿಟ್ಟು
ಆಚೆಯರ್ಧ ನೋಡುತ್ತಾ ಕೈ ಎತ್ತಿದಳಂತೆ.
"ಹನ್ನೆರಡು ಸಾವಿರ, ನೂರಕ್ಕೆ ಎರಡು, ಮೂರು ತಿಂಗಳು.
ಏಳುನೂರ ಇಪ್ಪತ್ತಾಗಬೇಕು.
ಒಂಬೈನೂರ ಇಪ್ಪತ್ತು ಅಂತಿದೆ."
ಸೀಮೆಸುಣ್ಣ ಕೊಟ್ಟರು. ಎಟುಕಲಿಲ್ಲ.
ಸ್ಟೂಲು ಹಾಕಿದರು.
ಅಳಿಸದೆ, ಪಕ್ಕದಲ್ಲಿ ಬರೆದಳು.

ಸಂಜೆ ಸಂಘದವರಿಗೆ ಮೊದಲು ಸಿಟ್ಟು ಬಂತು,
ಆಮೇಲೆ ಬೆರಳು ಮಡಚಿ ಎಣಿಸಿದರು,
ಟೊಮೆಟೊ ಗಾಡಿಯ ಸಾಕಮ್ಮನಿಗೆ
ಇನ್ನೂರು ರೂಪಾಯಿ ವಾಪಸ್ಸು.
ಸ್ಟೂಲಿನ ಮೇಲೆ ಯಾರೋ
ಒಂದು ಹಿಡಿ ಕಡಲೆಕಾಯಿ ಇಟ್ಟು ಹೋದರು.

ನಾಲ್ಕನೇ ನಕ್ಷೆಯಲ್ಲಿ ಬೋರ್ಡು ಹದಿನಾರಡಿ,
ನೆಲದಿಂದ ಎರಡಡಿಗೇ ಶುರು.
ಬೆಂಚು ಎರಡು ಎತ್ತರ.
ಮಂಜೂರಾತಿಗೆ ಹೋಗಿದ್ದು ನಿನ್ನೆ ತಿರುಗಿ ಬಂತು,
ಕೆಂಪು ಶಾಯಿಯಲ್ಲಿ ಒಂದು ಸಾಲು:
ನಡುಗೋಡೆ ಕಣ್ತಪ್ಪಿನಿಂದ ಬಿಟ್ಟುಹೋಗಿದೆಯೇ?

ಉತ್ತರ ಬರೆಯಬೇಕು.
ಹಿಂದಿನ ಬೆಂಚಿನಲ್ಲಿ ಪಕ್ಕಕ್ಕೆ ತಿರುಗಿ
ಕಾಲು ದಾರಿಗೆ ಚಾಚಿ ಕೂತಿದ್ದೇನೆ.
ಮುಂದೆ ಕೆಂಚಮ್ಮ, ಬಾಗಿಲಲ್ಲಿ ಮೇಡಂ.
ಚಿಲಕದ ವಿಷಯ
ಇನ್ನೂ ತೀರ್ಮಾನವಾಗಿಲ್ಲ.