ಮುಯ್ಯಾಳಿನ ಲೆಕ್ಕ

ಮೂರು ವರ್ಷಕ್ಕೆ ಅರವತ್ತು ಗಂಟೆ ಕಲಿತಿರಬೇಕು.
ಕಲಿಯದಿದ್ದರೆ ಹೆಸರಿನ ಮುಂದಿನ ಮೂರಕ್ಷರ ಉದುರುತ್ತವೆ,
ಮೊದಲು ಬಂದರು ಕಚೇರಿಯ ಬಾಗಿಲ ಹಲಗೆಯಿಂದ,
ಆಮೇಲೆ ಸಂಬಳದ ಚೀಟಿಯಿಂದ.

ನನ್ನವು ಐವತ್ನಾಲ್ಕು.
ಗಡುವು ಮಾರ್ಚ್ ಮೂವತ್ತೊಂದು, ನಡುರಾತ್ರಿ.
ಯಾರ ನಡುರಾತ್ರಿಯೆಂದು ಎಲ್ಲೂ ಬರೆದಿಲ್ಲ.

ಆ ಐವತ್ನಾಲ್ಕು ಹೇಗೆ ಬಂದವು, ಕೇಳಬೇಡಿ.
ಆಲೂಗಡ್ಡೆ ಸುಲಿಯುತ್ತ ಒಂದು ವೆಬಿನಾರು,
ಕಾಸ್ತ್ರೋದ ಬಸ್ಸಿಗೆ ಕಾಯುತ್ತ ಇನ್ನೊಂದು,
ತಮ್ಮನ ಕೂಸಿನ ದೀಕ್ಷಾಸ್ನಾನದಲ್ಲಿ
ಒಂದು ಕಿವಿಗೆ ಪಾದ್ರಿ,
ಇನ್ನೊಂದಕ್ಕೆ ಟೊರಾಂಟೊದ ಗಂಡಸು:
ಪಾಲುದಾರರನ್ನು ಗುರುತಿಸಿ, ಪಟ್ಟಿ ಮಾಡಿ, ತೂಗಿ.
ಕಡೆಗೆ ಐದು ಪ್ರಶ್ನೆ. ನಾಲ್ಕು ಸರಿಯಾದರೆ ಸಾಕು.
ನಾನು ಎಂದೂ ನಾಲ್ಕೇ ಸರಿ ಮಾಡಿದವಳು.

ಶನಿವಾರ ಅನ್ಸೆಲ್ಮೊ ಕಾರ್ಕಮೊ ಬಂದ.
"ನಾಳೆ ನನ್ನ ಮನೆ ಹೊರಡ್ತದೆ, ಬಾ."
ಮನೆಯವರಲ್ಲ. ಮನೆ.
ಗೋಡೆಯ ಮರದ ಚಕ್ಕೆ ಸಮೇತ, ಒಲೆಯ ಹೊಗೆಕೊಳವೆ ಸಮೇತ,
ಕಡಲು ಕೊರೆದ ದಡ ಬಿಟ್ಟು ಗುಡ್ಡದ ನೆತ್ತಿಗೆ.
"ಯೋಜನೆ ಏನು?" ಎಂದೆ, ಚಟ.
"ಇಪ್ಪತ್ತೆರಡು ಎತ್ತು."

ಚಿಲೊಯೆ ದ್ವೀಪದಲ್ಲಿ ಇದಕ್ಕೆ ಮಿಂಗಾ ಅನ್ನುತ್ತೇವೆ.
ಕರೆದರೆ ಹೋಗಬೇಕು. ಕೂಲಿಯಿಲ್ಲ, ಊಟವಿದೆ.
ಹಗ್ಗ ಹಿಡಿದವರೆಲ್ಲ ಮುಯ್ಯಾಳುಗಳು,
ಇವತ್ತು ಅವನ ಮನೆ, ಒಂದು ದಿನ ನಿನ್ನದು.

ಒಳಗೆ ಅವನ ಸೋದರತ್ತೆ ಹೆರ್ಮಿನಿಯಾ,
ಎಂಬತ್ತೊಂದು ವಯಸ್ಸು, ಹೊರಗೆ ಬರಲೊಲ್ಲೆ ಅಂದಳು.
ಒಲೆಯ ಮೇಲೆ ಕೆಟಲು ಬೇರೆ ಇಟ್ಟಿದ್ದಳು.
ದಿಮ್ಮಿಗಳ ಮೇಲೆ ಮನೆ ನರಳುತ್ತ ಏರಿತು,
ಕಿಟಕಿಯಲ್ಲಿ ಅವಳು, ರೈಲಿನ ಪ್ರಯಾಣಿಕಳ ಹಾಗೆ.

ಅರ್ಧ ದಾರಿಯಲ್ಲಿ ಎಡದ ತೊಲೆ ಕೆಸರಿಗೆ ಕುಸಿಯಿತು.
ಒಂದು ಗಾಜು ಬಿರಿಯಿತು.
"ಇಲ್ಲಿ ಮುಖ್ಯಸ್ಥ ಯಾರು?" ಎಂದು ಪಕ್ಕದವಳನ್ನು ಕೇಳಿದೆ.
ಮುಂದಿನ ಜೋಡಿಯ ಬಿಳಿ ಎತ್ತನ್ನು ತೋರಿಸಿದಳು.
ಅದು ನಿಂತಿತ್ತು. ಎಲ್ಲರೂ ನಿಂತರು.
ಯಾರೂ ಸಭೆ ಕರೆಯಲಿಲ್ಲ.
ಹುಡುಗನೊಬ್ಬ ಕಡಲಪಾಚಿ ತಂದು ದಿಮ್ಮಿಯಡಿ ತುರುಕಿದ,
ಇನ್ನೊಬ್ಬ ಸಿಳ್ಳೆ ಹಾಕಿದ,
ಹಗ್ಗ ನನ್ನ ಅಂಗೈಯನ್ನು ಸುಟ್ಟುಕೊಂಡು ಹೋಯಿತು.

ರಾತ್ರಿ ಪರದೆಯ ಮುಂದೆ ಕೂತೆ.
ಚಟುವಟಿಕೆಯ ಹೆಸರು: ಮನೆ ಸಾಗಿಸುವುದು.
ನೀಡಿದ ಸಂಸ್ಥೆ: ಅನ್ಸೆಲ್ಮೊ ಕಾರ್ಕಮೊ.
ಗಂಟೆ: ಆರು. ಲೆಕ್ಕ ಸರಿಹೊಂದಿತು.
ಕಲಿತದ್ದೇನು?
ಬೆರಳು ಕೀಲಿಗಳ ಮೇಲೆ ಸುಮ್ಮನೆ ನಿಂತವು.
ಪುರಾವೆ ಲಗತ್ತಿಸಿ, ಅಂದಿತು.
ಅಂಗೈಯ ಫೋಟೊ ತೆಗೆದೆ, ಮಸುಕಾಗಿ ಬಂತು.
ಎಲ್ಲ ಅಳಿಸಿದೆ.

"ಅಪಾಯ ನಿರ್ವಹಣೆ, ಭಾಗ ಒಂದು" ಒತ್ತಿದೆ.
ಮೂರು ರಾತ್ರಿ, ದಿನಕ್ಕೆರಡು ಗಂಟೆ, ದನಿ ಮುಚ್ಚಿ.
ಕೊನೆಯ ಪ್ರಶ್ನೆ: ಅಪಾಯದ ಒಡೆತನ ಯಾರದು?
ನಾಲ್ಕು ಉತ್ತರಗಳಲ್ಲಿ
ಕೆಟಲು ಕಾಯುತ್ತ ಕೂತ ಮುದುಕಿ ಇರಲಿಲ್ಲ.
ಒಂದು ತಪ್ಪು. ಆದರೂ ಪಾಸು.

ಏಪ್ರಿಲ್ ಒಂದರ ಬೆಳಗ್ಗೆ ಮಿಂಚಂಚೆ:
ಅಭಿನಂದನೆ, ಎದೆಲ್ಮಿರಾ ನಾಹುಯೆಲ್ಕಿನ್.
ಮುಂದಿನ ಅರವತ್ತು ಇಂದಿನಿಂದ ಶುರು.
ಬಲಗೈ ಇನ್ನೂ ಪೂರ್ತಿ ಮಡಚುತ್ತಿಲ್ಲ,
ಎಡಗೈಯಲ್ಲಿ ಕಾಫಿ ಕುಡಿಯುತ್ತಿದ್ದೆ.
ಬೇಲಿಯಾಚೆ ಅನ್ಸೆಲ್ಮೊ ಕೂಗಿದ,
ಅತ್ತೆ ಕೇಳ್ತಿದ್ದಾಳೆ,
ಒಡೆದ ಗಾಜಿನ ಅಳತೆ ತೆಗೆಯಲು ಯಾವಾಗ ಬರ್ತೀಯ?